ಸಿಕ್ಕಿದ್ದು ನಿಜ, ತಂದ ದಾರಿ ತಪ್ಪು: ಕೋರ್ಟು ಏನು ಮಾಡಬೇಕು?

2004ರ ಅಕ್ಟೋಬರ್. ಕೆನಡಾದ ಒಂಟಾರಿಯೊ ಪ್ರಾಂತ್ಯದ ಒಂದು ಹೆದ್ದಾರಿ. ಗಸ್ತಿನಲ್ಲಿದ್ದ ಕಾನ್‌ಸ್ಟೆಬಲ್ ಒಬ್ಬರ ಕಣ್ಣಿಗೆ ಒಂದು ಎಸ್‌ಯುವಿ ಬಿತ್ತು. ಅದರ ಮುಂದುಗಡೆ ನಂಬರ್ ಪ್ಲೇಟ್ ಇರಲಿಲ್ಲ. ಬೆನ್ನು ಹತ್ತಿ ದೀಪ ಹಾಕಿದರು. ಆಮೇಲೆ ಗೊತ್ತಾಯಿತು, ಅದು ಆಲ್ಬರ್ಟಾ ಪ್ರಾಂತ್ಯದ ಗಾಡಿ. ಅಲ್ಲಿನ ಗಾಡಿಗಳಿಗೆ ಮುಂದಿನ ಪ್ಲೇಟ್ ಬೇಕಾಗೇ ಇಲ್ಲ. ಅಂದರೆ ನಿಲ್ಲಿಸಲು ಇದ್ದ ಒಂದೇ ಕಾರಣವೂ ಹೋಯಿತು. ಆದರೂ ನಿಲ್ಲಿಸಿದರು. ದೀಪ ಹಾಕಿದ ಮೇಲೆ ಸುಮ್ನೆ ಬಿಟ್ಟುಬಿಟ್ಟರೆ ನೋಡಿದವರು ಪೊಲೀಸರ ಬಗ್ಗೆ ಏನಂದುಕೊಂಡಾರು ಎಂಬುದು ಅವರು ಕೊಟ್ಟ ಕಾರಣ.

ಚಾಲಕನ ಲೈಸೆನ್ಸ್ ಅಮಾನತಿನಲ್ಲಿತ್ತು. ಬಂಧಿಸಿದರು. ಲೈಸೆನ್ಸ್ ಹುಡುಕುತ್ತೇನೆಂದು ಗಾಡಿಯೊಳಗೆ ತಡಕಾಡಿದರು. ಹಿಂದೆ ಎರಡು ರಟ್ಟಿನ ಪೆಟ್ಟಿಗೆಗಳಿದ್ದವು. ಒಳಗೆ 35 ಕೆ.ಜಿ. ಕೊಕೇನ್.

ಕೇಸು ಕೆನಡಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2009ರಲ್ಲಿ ಬಂದ ತೀರ್ಪು: ಈ ಕೊಕೇನನ್ನು ಸಾಕ್ಷ್ಯವಾಗಿ ನೋಡುವಂತಿಲ್ಲ, ಆರೋಪಿ ಖುಲಾಸೆ. ನಿಲ್ಲಿಸಿದ್ದೂ ತಪ್ಪು, ಹುಡುಕಿದ್ದೂ ತಪ್ಪು, ಮೇಲಾಗಿ ಆ ಅಧಿಕಾರಿ ಕೋರ್ಟಿನಲ್ಲಿ ದಾರಿ ತಪ್ಪಿಸುವ ಹೇಳಿಕೆ ಕೊಟ್ಟಿದ್ದರು.

ಇದನ್ನು ಓದಿದಾಗ ಯಾರಿಗಾದರೂ ಸಿಟ್ಟು ಬರುತ್ತದೆ. ಮೊದಲ ಸಲ ಓದಿದಾಗ ನನಗೂ ಬಂದಿತ್ತು. 35 ಕೆ.ಜಿ. ಕಣ್ಣೆದುರಿಗಿದೆ, ಅದೇನು ಸುಳ್ಳಾ? ಪೊಲೀಸರು ತಪ್ಪು ಮಾಡಿದ್ದರೆ ಅವರಿಗೆ ಶಿಕ್ಷೆ ಕೊಡಿ, ಕಳ್ಳಸಾಗಣೆದಾರನನ್ನು ಯಾಕೆ ಬಿಡಬೇಕು? ಪ್ರಶ್ನೆ ನ್ಯಾಯವಾದದ್ದೇ. ನೂರೈವತ್ತು ವರ್ಷಕ್ಕೂ ಮಿಕ್ಕಿ ಒಂದೊಂದು ದೇಶದ ಕೋರ್ಟು ಇದಕ್ಕೆ ಒಂದೊಂದು ಉತ್ತರ ಕೊಟ್ಟಿದೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡಬೇಕು, ಇಲ್ಲದಿದ್ದರೆ ಎಲ್ಲ ಕಲಸಿಹೋಗುತ್ತದೆ. ಕೆಲವು ತಪ್ಪು ದಾರಿಗಳು ಸಾಕ್ಷ್ಯವನ್ನೇ ಕೆಡಿಸುತ್ತವೆ. ಹೊಡೆದು ಬಾಯಿ ಬಿಡಿಸಿದರೆ ಮನುಷ್ಯ ಮಾಡಿದ್ದನ್ನೂ ಹೇಳುತ್ತಾನೆ, ಮಾಡದ್ದನ್ನೂ ಹೇಳುತ್ತಾನೆ. ಏಟು ನಿಂತರೆ ಸಾಕು ಅವನಿಗೆ. ಹಾಗಾಗಿ ಬಲವಂತದ ತಪ್ಪೊಪ್ಪಿಗೆಯ ಮಟ್ಟಿಗೆ ಜಗತ್ತಿನಲ್ಲಿ ಹೆಚ್ಚು ಜಗಳವಿಲ್ಲ. ಚಿತ್ರಹಿಂಸೆಯಿಂದ ಪಡೆದ ಹೇಳಿಕೆಯನ್ನು ಯಾವ ವಿಚಾರಣೆಯಲ್ಲೂ ಬಳಸಬಾರದು, ಹಿಂಸೆ ಕೊಟ್ಟವನ ಮೇಲಿನ ಕೇಸಿನಲ್ಲಿ ಮಾತ್ರ ಬಳಸಬಹುದು ಎಂದು ವಿಶ್ವಸಂಸ್ಥೆಯ 1984ರ ಚಿತ್ರಹಿಂಸೆ ವಿರೋಧಿ ಒಪ್ಪಂದ ಹೇಳುತ್ತದೆ. ಭಾರತದ ಕಾನೂನು ಇನ್ನೂ ಹಿಂದೆಯೇ, ಬ್ರಿಟಿಷರ ಕಾಲದ 1872ರ ಸಾಕ್ಷ್ಯ ಕಾಯ್ದೆಯಲ್ಲೇ, ಒಂದು ಗಟ್ಟಿ ಗೆರೆ ಎಳೆಯಿತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಲೆಕ್ಕಕ್ಕಿಲ್ಲ. ಹೊಡೆದರೋ ಇಲ್ಲವೋ ಎಂದು ಕೇಳುವುದೂ ಇಲ್ಲ.

ತೊಡಕಿರುವುದು ಇನ್ನೊಂದು ಬಗೆಯಲ್ಲಿ. ವಾರಂಟ್ ಇಲ್ಲದೆ ಮನೆಗೆ ನುಗ್ಗಿ ಹುಡುಕಿದಾಗ ಸಿಕ್ಕ ಬಂದೂಕು, ಅನುಮತಿ ಇಲ್ಲದೆ ಕದ್ದು ಕೇಳಿದ ಫೋನ್ ಮಾತು, ಸುಮ್ಮನೆ ತಡೆದು ತೆರೆಸಿದ ಚೀಲದೊಳಗಿನ ಪೊಟ್ಟಣ. ಇಲ್ಲಿ ದಾರಿ ತಪ್ಪಾದರೂ ವಸ್ತು ಬದಲಾಗುವುದಿಲ್ಲ. ವಾರಂಟ್ ಇದ್ದಿದ್ದರೂ ಅದೇ ಬಂದೂಕು ಸಿಗುತ್ತಿತ್ತು.

ಹಳೆಯ ಇಂಗ್ಲಿಷ್ ಕೋರ್ಟುಗಳು ಇಷ್ಟಕ್ಕೇ ನಿಂತವು. 1861ರ ಒಂದು ಕೇಸಿನಲ್ಲಿ ನ್ಯಾಯಮೂರ್ತಿ ಕ್ರಾಂಪ್ಟನ್ ಹೇಳಿದ್ದರ ಸಾರ ಇದು: ಸಾಕ್ಷ್ಯ ಹೇಗೆ ಬಂತೆಂಬುದು ನಮಗೆ ಬೇಡ, ಕದ್ದು ತಂದಿದ್ದರೂ ಸರಿ. ಇದೇ ಮಾತನ್ನು 1955ರಲ್ಲಿ, ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ಕುರುಮ ಪ್ರಕರಣದಲ್ಲಿ ಎತ್ತಿಹಿಡಿಯಿತು. ಆ ಪ್ರಕರಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಬ್ರಿಟಿಷರ ಕೈಯಲ್ಲಿದ್ದ ಕೆನ್ಯಾದಲ್ಲಿ ಆಗ ತುರ್ತುಸ್ಥಿತಿ. ಮದ್ದುಗುಂಡು ಇಟ್ಟುಕೊಂಡರೆ ಮರಣದಂಡನೆ. ರಸ್ತೆ ತಡೆಯಲ್ಲಿ ಕುರುಮ ಎಂಬಾತನ ಮೈ ತಡಕಿದ ಪೊಲೀಸರಿಗೆ ಹಾಗೆ ತಡಕುವ ಅಧಿಕಾರವೇ ಇರಲಿಲ್ಲ. ಅದಕ್ಕೆ ಬೇಕಾದ ದರ್ಜೆ ಅವರದಲ್ಲ. ಚಡ್ಡಿಯ ಜೇಬಿನಲ್ಲಿ ಒಂದು ಚಾಕು, ಎರಡು ಗುಂಡು ಸಿಕ್ಕವು ಎಂದರು. ಗುಂಡುಗಳು ನನ್ನವಲ್ಲ ಎಂದು ಅವನು ಹೇಳಿದ. ಸಾಕ್ಷ್ಯ ಪ್ರಸ್ತುತವಾಗಿದ್ದರೆ ಸಾಕು, ಹೇಗೆ ಬಂತೆಂದು ಕೋರ್ಟು ನೋಡಬೇಕಿಲ್ಲ ಎಂದು ಪ್ರಿವಿ ಕೌನ್ಸಿಲ್ ಮೇಲ್ಮನವಿ ವಜಾ ಮಾಡಿತು. ಆದರೆ ತೀರ್ಪಿನ ಕೊನೆಯಲ್ಲಿ ಆ ನ್ಯಾಯಮೂರ್ತಿಗಳಿಗೇ ಸಮಾಧಾನವಿಲ್ಲ. ಆ ಚಾಕುವನ್ನು ಕೋರ್ಟಿನಲ್ಲಿ ಹಾಜರುಪಡಿಸಿರಲಿಲ್ಲ. ತಡಕುವಾಗ ಹತ್ತಿರದಲ್ಲಿದ್ದ ಇತರರನ್ನು ಸಾಕ್ಷಿಗೆ ಕರೆದಿರಲಿಲ್ಲ. ಇದನ್ನೆಲ್ಲ ಬ್ರಿಟಿಷ್ ಸರ್ಕಾರದ ಮಂತ್ರಿಯ ಗಮನಕ್ಕೆ ತರುತ್ತೇವೆ ಎಂದು ಬರೆದರು.

ವಸ್ತು ಸುಳ್ಳು ಹೇಳುವುದಿಲ್ಲ ನಿಜ. ಆದರೆ ಈ ವಸ್ತು ಇವನ ಜೇಬಿನಲ್ಲಿತ್ತು ಎಂದು ಹೇಳುವುದು ವಸ್ತುವಲ್ಲ, ಮನುಷ್ಯ. ಯಾರು ಹುಡುಕಬೇಕು, ಯಾರ ಎದುರು ಹುಡುಕಬೇಕು, ಯಾವಾಗ ಬರೆದಿಡಬೇಕು ಎಂಬ ನಿಯಮಗಳಿರುವುದು ಆ ಮನುಷ್ಯನ ಮಾತನ್ನು ನಂಬಲು. ನಿಯಮ ಮುರಿದವರೇ ಬಂದು ನಮ್ಮ ಮಾತು ನಂಬಿ ಎನ್ನುತ್ತಾರೆ, ಅಲ್ವಾ? ದಾರಿ ಬೇರೆ, ಸತ್ಯ ಬೇರೆ ಎಂದು ಕಾಗದದ ಮೇಲೆ ಬಿಡಿಸಿ ಹೇಳುವುದು ಸುಲಭ. ಠಾಣೆಯಲ್ಲಿ, ರಸ್ತೆಯಲ್ಲಿ ಅವೆರಡೂ ಹಾಗೆ ಬಿಡಿಬಿಡಿಯಾಗಿ ಇರುವುದಿಲ್ಲ.

ಅಮೆರಿಕ ಬೇರೆ ದಾರಿ ಹಿಡಿಯಿತು. 1957ರ ಮೇ ತಿಂಗಳು, ಕ್ಲೀವ್‌ಲ್ಯಾಂಡ್ ನಗರ. ಡಾಲ್ರಿ ಮ್ಯಾಪ್ ಎಂಬ ಮಹಿಳೆಯ ಮನೆ ಬಾಗಿಲಿಗೆ ಪೊಲೀಸರು ಬಂದರು. ಬಾಂಬ್ ಸ್ಫೋಟದ ಕೇಸಿನಲ್ಲಿ ಬೇಕಾದ ಒಬ್ಬ ಅಲ್ಲಿದ್ದಾನೆಂಬ ಸುಳಿವು. ಆಕೆ ವಕೀಲರಿಗೆ ಫೋನ್ ಮಾಡಿದರು, ವಾರಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರು. ಮೂರು ಗಂಟೆ ಕಳೆದ ಮೇಲೆ ಇನ್ನಷ್ಟು ಪೊಲೀಸರು ಬಂದು ಬಾಗಿಲು ಒಡೆದು ನುಗ್ಗಿದರು. ವಾರಂಟ್ ಎಲ್ಲಿ ಎಂದು ಕೇಳಿದಾಗ ಒಬ್ಬ ಒಂದು ಕಾಗದ ಎತ್ತಿ ತೋರಿಸಿದ. ಆಕೆ ಅದನ್ನು ಕಿತ್ತುಕೊಂಡು ಎದೆಯ ಬಳಿ ಉಡುಪಿನೊಳಗೆ ಸೇರಿಸಿಕೊಂಡರು. ಪೊಲೀಸರು ಗುದ್ದಾಡಿ ಅದನ್ನು ವಾಪಸ್ ಕಿತ್ತು, ಆಕೆಗೆ ಕೋಳ ಹಾಕಿದರು. ಮನೆಯೆಲ್ಲ ಜಾಲಾಡಿದರು. ಕೊನೆಗೆ ಕೇಸಾಗಿದ್ದು ಬಾಂಬಿನ ಮೇಲಲ್ಲ. ಒಂದು ಪೆಟ್ಟಿಗೆಯಲ್ಲಿ ಸಿಕ್ಕ ಅಶ್ಲೀಲ ಪುಸ್ತಕಗಳ ಮೇಲೆ. ಆ ಕಾಗದ ವಿಚಾರಣೆಯಲ್ಲಿ ಹೊರಗೆ ಬರಲೇ ಇಲ್ಲ.

1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಕೆಯ ಶಿಕ್ಷೆ ರದ್ದು ಮಾಡಿತು. ಸಂವಿಧಾನ ಮುರಿದು ಹುಡುಕಿದ್ದನ್ನು ಫೆಡರಲ್, ಅಂದರೆ ಕೇಂದ್ರದ, ಕೋರ್ಟುಗಳು 1914ರಿಂದಲೇ ಹೊರಗಿಡುತ್ತಿದ್ದವು. ಈಗ ರಾಜ್ಯಗಳ ಕೋರ್ಟುಗಳೂ ಹಾಗೆಯೇ ಮಾಡಬೇಕು ಎಂದಾಯಿತು. ಅಕ್ರಮವಾಗಿ ಸಿಕ್ಕ ಸುಳಿವು ಹಿಡಿದು ಮುಂದೆ ಹೋಗಿ ಕಂಡುಹಿಡಿದದ್ದೂ ಸಾಮಾನ್ಯವಾಗಿ ಹೊರಗೆ. ಇದಕ್ಕೆ ಅಲ್ಲಿನ ವಕೀಲರು ವಿಷದ ಮರದ ಹಣ್ಣು ಎನ್ನುತ್ತಾರೆ.

ನನಗೆ ಈ ಕೇಸಿನಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಅಂದು ಆ ಪೆಟ್ಟಿಗೆಯಲ್ಲಿ ಏನೂ ಇಲ್ಲದಿದ್ದರೆ? ಮನೆ ಒಡೆದು, ಕೋಳ ಹಾಕಿ, ಬೀರು ಜಾಲಾಡಿ, ಏನೂ ಸಿಗಲಿಲ್ಲವೆಂದು ಪೊಲೀಸರು ಹೊರಟುಹೋಗುತ್ತಿದ್ದರು. ಅವಮಾನವೇನೂ ಕಮ್ಮಿಯಾಗುತ್ತಿರಲಿಲ್ಲ. ಆದರೆ ಕೇಸು ಆಗುತ್ತಿರಲಿಲ್ಲ. ಯಾವ ನ್ಯಾಯಾಧೀಶರೂ ಆ ಬಾಗಿಲಿನ ಬಗ್ಗೆ ಕೇಳುತ್ತಿರಲಿಲ್ಲ.

ಈ ವಿಷಯದಲ್ಲಿ ನನ್ನ ಮನಸ್ಸು ಬದಲಿಸಿದ್ದು ಇದೇ. ಕ್ರಿಮಿನಲ್ ಕೋರ್ಟಿಗೆ ಬರುವುದು ಏನಾದರೂ ಸಿಕ್ಕ ಶೋಧ ಮಾತ್ರ. ಏನೂ ಸಿಗದ ಶೋಧಗಳು, ತಪ್ಪು ಮನೆಗೆ ನುಗ್ಗಿದ್ದು, ತಪ್ಪು ಹುಡುಗನ ಚೀಲ ತೆರೆಸಿದ್ದು, ಇವು ಯಾವುದೂ ಅಲ್ಲಿಗೆ ಬರುವುದಿಲ್ಲ. ಹಾಗಾಗಿ ನ್ಯಾಯಾಧೀಶರ ಎದುರು ಯಾವಾಗಲೂ ತಪ್ಪಿತಸ್ಥನಂತೆ ಕಾಣುವ ಒಬ್ಬ ನಿಂತಿರುತ್ತಾನೆ. ನಿಯಮ ಮುರಿದ ಪೊಲೀಸರ ಊಹೆ ಯಾವಾಗಲೂ ಸರಿಯಾಗಿದ್ದಂತೆ ಕಾಣುತ್ತದೆ. ನೋಡುವವರ ಕಣ್ಣಿಗೆ ತೂಕ ಮೊದಲೇ ಒಂದು ಕಡೆಗೆ ವಾಲಿರುತ್ತದೆ. ಆ 35 ಕೆ.ಜಿ. ಕೊಕೇನಿನ ಎದುರು ತಕ್ಕಡಿಯಲ್ಲಿ ಇಡಬೇಕಾದದ್ದು ಒಬ್ಬ ಕಳ್ಳಸಾಗಣೆದಾರನ ಹಕ್ಕನ್ನಲ್ಲ. ಕಾರಣವಿಲ್ಲದೆ ತಡೆಸಿಕೊಂಡು, ತೆರೆದು ತೋರಿಸಿ, ಮಾತಾಡದೆ ಮನೆಗೆ ಹೋದ ಎಲ್ಲರನ್ನೂ ಇಡಬೇಕು. ಅವರ ಪರವಾಗಿ ಮಾತಾಡಲು ಕಾನೂನಿಗೆ ಸಿಗುವ ಜಾಗ ಈ ಒಂದು ಕೇಸು. ದುರದೃಷ್ಟಕ್ಕೆ ಇಲ್ಲಿ ನಿಂತಿರುವವನು ಅಪರಾಧಿ.

ಹಾಗಂತ ಅಮೆರಿಕದ ನಿಯಮ ಸಲೀಸಾಗಿ ನಡೆಯಲಿಲ್ಲ. ಕಾನ್‌ಸ್ಟೆಬಲ್ ಎಡವಿದ ಎಂದು ಅಪರಾಧಿಯನ್ನು ಬಿಡಬೇಕೇ ಎಂದು ನ್ಯಾಯಮೂರ್ತಿ ಕಾರ್ಡೋಜೊ 1926ರಲ್ಲೇ ನ್ಯೂಯಾರ್ಕಿನಲ್ಲಿ ಕೇಳಿದ್ದರು. ಮ್ಯಾಪ್ ತೀರ್ಪಿನ ನಂತರ ಇನ್ನೊಂದು ರೋಗ ಶುರುವಾಯಿತು. ನ್ಯೂಯಾರ್ಕ್ ಪೊಲೀಸರ ಸಾಕ್ಷಿಯಲ್ಲಿ, ನಮ್ಮನ್ನು ಕಂಡ ಕೂಡಲೇ ಅವನೇ ಪೊಟ್ಟಣ ನೆಲಕ್ಕೆ ಬಿಸಾಕಿದ, ನಾವು ಎತ್ತಿಕೊಂಡೆವು ಅಷ್ಟೇ, ಎಂಬ ಮಾತು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ನೆಲಕ್ಕೆ ಬಿದ್ದದ್ದನ್ನು ಎತ್ತಲು ವಾರಂಟ್ ಬೇಡವಲ್ಲ! ನಿಯಮ ಬಿಗಿಯಾದರೆ ಕೆಲವರು ನಡತೆ ತಿದ್ದಿಕೊಳ್ಳುತ್ತಾರೆ, ಕೆಲವರು ಕತೆ ತಿದ್ದಿಕೊಳ್ಳುತ್ತಾರೆ. ಆಮೇಲೆ ಕೋರ್ಟುಗಳೂ ಹಿಂದೆ ಸರಿದವು. ಪೊಲೀಸರು ದೋಷವಿದ್ದ ವಾರಂಟನ್ನು ಪ್ರಾಮಾಣಿಕವಾಗಿ ನಂಬಿ ಹುಡುಕಿದ್ದರೆ ಸಾಕ್ಷ್ಯ ಉಳಿಯುತ್ತದೆ, ಹೇಗಿದ್ದರೂ ಸಿಗುತ್ತಿದ್ದ ವಸ್ತುವಾದರೆ ಉಳಿಯುತ್ತದೆ ಎಂಬ ಎರಡು ವಿನಾಯಿತಿಗಳು 1984ರ ಒಂದೇ ವರ್ಷದಲ್ಲಿ ಬಂದವು. ಐರ್ಲೆಂಡ್ ಕೂಡ 1990ರಲ್ಲಿ ತುಂಬಾ ಬಿಗಿ ನಿಯಮ ಮಾಡಿ, 2015ರಲ್ಲಿ ಸಡಿಲ ಮಾಡಿತು. ಆ ತೀರ್ಪು ಬಂದದ್ದು ನಾಲ್ಕಕ್ಕೆ ಮೂರರ ಅಂತರದಲ್ಲಿ.

ಹಾಗಾದರೆ ನಡುದಾರಿ ಇದೆಯೇ? ಇಂಗ್ಲೆಂಡ್ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯ್ದೆಯ 78ನೇ ಸೆಕ್ಷನ್ನಿನಲ್ಲಿ ನ್ಯಾಯಾಧೀಶರ ಕೈಗೆ ಅಧಿಕಾರ ಕೊಟ್ಟಿತು. ಸಾಕ್ಷ್ಯ ಸೇರಿಸಿಕೊಂಡರೆ ವಿಚಾರಣೆಯ ನ್ಯಾಯ ಕೆಡುತ್ತದೆ ಅನಿಸಿದರೆ ಹೊರಗಿಡಬಹುದು. ಕೆನಡಾದ್ದು ನನಗೆ ಇನ್ನೂ ಸ್ಪಷ್ಟ ಅನಿಸುತ್ತದೆ. ಪೊಲೀಸರ ತಪ್ಪು ಎಷ್ಟು ದೊಡ್ಡದು, ಆರೋಪಿಯ ಹಕ್ಕಿಗೆ ಎಷ್ಟು ಪೆಟ್ಟಾಯಿತು, ಕೇಸು ಅದರ ಸತ್ಯಾಸತ್ಯತೆಯ ಮೇಲೆ ತೀರ್ಮಾನವಾಗುವುದರಲ್ಲಿ ಸಮಾಜಕ್ಕೆ ಎಷ್ಟು ಹಿತವಿದೆ, ಈ ಮೂರನ್ನೂ ನ್ಯಾಯಾಧೀಶರು ತೂಗಿ ಕಾರಣ ಬರೆಯಬೇಕು. ಎಸ್‌ಯುವಿ ಕೇಸಿನಲ್ಲಿ ಕೊಕೇನ್ ಹೊರಹೋದದ್ದು ಹೀಗೆ ತೂಗಿದ ಮೇಲೆ. ಸಣ್ಣ ಲೋಪಕ್ಕೆ ಸಾಕ್ಷ್ಯ ಬೀಳುವುದಿಲ್ಲ. ಗೊತ್ತಿದ್ದೂ ಮುರಿದರೆ, ಮುರಿದ ಮೇಲೆ ಕೋರ್ಟಿಗೂ ಸರಿಯಾಗಿ ಹೇಳದಿದ್ದರೆ ಬೀಳುತ್ತದೆ.

ಭಾರತದ ನಿಲುವು ಇಂದಿಗೂ ಬಹುಮಟ್ಟಿಗೆ ಕುರುಮ ಪ್ರಕರಣದ ಹತ್ತಿರವೇ ಇದೆ. ಪೂರನ್ ಮಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 1973ರ ಡಿಸೆಂಬರ್‌ನಲ್ಲಿ ಹೇಳಿತು: ಸಂವಿಧಾನವಾಗಲಿ ಬೇರೆ ಕಾನೂನಾಗಲಿ ತಡೆಯದಿದ್ದರೆ, ಅಕ್ರಮ ಶೋಧದಲ್ಲಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ಹೊರಗಿಡಬೇಕಾಗಿಲ್ಲ. ಅದು ಆದಾಯ ತೆರಿಗೆ ದಾಳಿಯ ಕೇಸು. ಆದರೆ ಆ ಮಾತು ಕ್ರಿಮಿನಲ್ ವಿಚಾರಣೆಗಳಲ್ಲೂ ಮತ್ತೆಮತ್ತೆ ಬಂದಿದೆ. ದೊಡ್ಡ ಅಪವಾದ ಮಾದಕ ವಸ್ತು ಕಾಯ್ದೆಯಲ್ಲಿದೆ. ಮೈ ತಪಾಸಣೆಗೆ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರೇ ತಪಾಸಣೆ ಆಗಲಿ ಎಂದು ಕೇಳುವ ಹಕ್ಕು ನಿನಗಿದೆ ಎಂದು ಹೇಳಬೇಕು. ಹೇಳದಿದ್ದರೆ, ಹಾಗೆ ಸಿಕ್ಕ ಮಾಲು ಅವನ ಬಳಿ ಇತ್ತು ಎಂಬುದಕ್ಕೆ ಸಾಕ್ಷ್ಯವಾಗದು ಎಂದು 1999ರ ಬಲದೇವ್ ಸಿಂಗ್ ತೀರ್ಪು ಹೇಳಿತು. ಶಿಕ್ಷೆ ದೊಡ್ಡದಿದ್ದಷ್ಟೂ ದಾರಿ ನೆಟ್ಟಗಿರಬೇಕು ಎಂಬುದು ಅದರ ತರ್ಕ. ಅದೇ ತರ್ಕ ಕೊಲೆ ಕೇಸಿಗೆ ಯಾಕೆ ಬೇಡ ಎಂಬುದಕ್ಕೆ ನನಗೆ ಒಪ್ಪುವ ಉತ್ತರ ಸಿಕ್ಕಿಲ್ಲ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಲೆಕ್ಕಕ್ಕಿಲ್ಲ ಎಂದೆ. ಅದಕ್ಕೊಂದು ಕಿಂಡಿ ಇದೆ. ಹಳೆಯ ಕಾಯ್ದೆಯ 27ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23ನೇ ಸೆಕ್ಷನ್ನಿನೊಳಗೆ ಸೇರಿಕೊಂಡಿದೆ. ಆರೋಪಿ ಕೊಟ್ಟ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಅಷ್ಟು ಮಾತು ಮಾತ್ರ ಸಾಕ್ಷ್ಯ. ಕನ್ನಡದ ಚಾರ್ಜ್‌ಶೀಟ್ ಓದಿದವರಿಗೆ ಸ್ವ-ಇಚ್ಛಾ ಹೇಳಿಕೆ ಎಂಬ ತಲೆಬರಹ ಗೊತ್ತಿರುತ್ತದೆ. ಪುಟಗಟ್ಟಲೆ ಕತೆ, ಕೊನೆಯಲ್ಲಿ ಒಂದು ಸಾಲು: ನನ್ನನ್ನು ಕರೆದುಕೊಂಡು ಹೋದಲ್ಲಿ ಆ ಜಾಗವನ್ನು ತೋರಿಸಿಕೊಡುತ್ತೇನೆ. ಆಮೇಲೆ ಪಂಚರ ಸಮಕ್ಷಮ ಮಹಜರು, ಜಪ್ತಿ, ಸಹಿ. ಕೋರ್ಟಿನಲ್ಲಿ ಉಳಿಯುವುದು ಆ ಕೊನೆಯ ಸಾಲು. ಬಲವಂತದಿಂದ ಹೇಳಿಸಿದ್ದಾದರೆ ಅದೂ ಉಳಿಯಬಾರದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡಬಾರದೆನ್ನುವ ಸಂವಿಧಾನದ 20(3)ನೇ ವಿಧಿ ಅಡ್ಡ ಬರುತ್ತದೆ. ಆದರೆ ಬಲವಂತ ಆಯಿತೆಂದು ಯಾರು ಹೇಳಬೇಕು? ಒಳಗಿದ್ದವನು ಅವನೊಬ್ಬನೇ, ಉಳಿದವರೆಲ್ಲ ಸಮವಸ್ತ್ರದವರು. ವಸ್ತು ಸಿಕ್ಕರೆ ದಾರಿ ಸರಿಹೋಗುತ್ತದೆ ಎಂದು ಕಾನೂನು ಎಲ್ಲಿ ಸೂಚನೆ ಕೊಡುತ್ತದೋ, ಒತ್ತಡ ಅಲ್ಲೇ ಬೀಳುತ್ತದೆ.

ಸುಪ್ರೀಂ ಕೋರ್ಟ್ ಗಟ್ಟಿ ನಿಂತ ಸಂದರ್ಭವೂ ಇದೆ. 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ಮಾಡುವಂತಿಲ್ಲ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಆ ಮಾತುಗಳು ಸಾಕ್ಷ್ಯವಲ್ಲ. ಒಬ್ಬನ ತಲೆಯೊಳಗೆ ನುಗ್ಗುವುದು ತಪ್ಪಾದರೆ ಅವನ ಮನೆಯೊಳಗೆ ನುಗ್ಗುವುದು ಎಷ್ಟು ತಪ್ಪು ಎಂಬ ಪ್ರಶ್ನೆ ಆಗಲೇ ಬರಬೇಕಿತ್ತು. 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದರು. 2019ರಲ್ಲಿ ಬಾಂಬೆ ಹೈಕೋರ್ಟ್ ಇದನ್ನೇ ಹಿಡಿದು, ಕಾನೂನು ಮೀರಿ ಕದ್ದಾಲಿಸಿದ ಫೋನ್ ಕರೆಗಳ ದಾಖಲೆಯನ್ನು ನಾಶಪಡಿಸಲು ಹೇಳಿತು. ಪೂರನ್ ಮಲ್ ತೀರ್ಪು ಮಾತ್ರ ಇದ್ದಲ್ಲೇ ಇದೆ.

ಕಾನೂನು ಆಯೋಗ 1983ರಲ್ಲೇ ತನ್ನ 94ನೇ ವರದಿಯಲ್ಲಿ ಒಂದು ಹೊಸ ಸೆಕ್ಷನ್ ಸೂಚಿಸಿತ್ತು. ಅಕ್ರಮವಾಗಿ ಪಡೆದ ಸಾಕ್ಷ್ಯವನ್ನು ಹೊರಗಿಡುವ ವಿವೇಚನೆ ನ್ಯಾಯಾಧೀಶರಿಗೆ ಇರಲಿ ಎಂದು. ಹೆಚ್ಚುಕಡಿಮೆ ಕೆನಡಾ ಮಾಡಿದಂಥದ್ದೇ. ಆಗ ಆಗಲಿಲ್ಲ. 2023ರಲ್ಲಿ ಇಡೀ ಕಾಯ್ದೆಯನ್ನು ಹೊಸದಾಗಿ ಬರೆಯುವಾಗಲೂ ಅದನ್ನು ಸೇರಿಸಲಿಲ್ಲ. ಪೊಲೀಸರ ಮೇಲೆ ಬೇರೆ ಕ್ರಮ ತೆಗೆದುಕೊಳ್ಳಬಹುದು ಎಂಬುದು ಇದಕ್ಕೆ ಸಿದ್ಧ ಉತ್ತರ. ತಪ್ಪು ದಾರಿಯಿಂದ ದೊಡ್ಡ ಕೇಸು ಗೆದ್ದುಕೊಟ್ಟ ಅಧಿಕಾರಿಯ ಮೇಲೆ ಇಲಾಖೆ ತಾನಾಗಿ ಕ್ರಮ ಜರುಗಿಸುತ್ತದೆ ಎಂದು ನಂಬುವುದು ನನಗೆ ಕಷ್ಟ.

ಇಷ್ಟೆಲ್ಲ ಹೇಳಿದ ಮೇಲೂ ನನ್ನನ್ನು ಕಾಡುವ ಒಂದು ಕೇಸಿದೆ. 2002, ಜರ್ಮನಿಯ ಫ್ರಾಂಕ್‌ಫರ್ಟ್. 11 ವರ್ಷದ ಬಾಲಕನ ಅಪಹರಣ. ಶಂಕಿತ ಸಿಕ್ಕಿಬಿದ್ದ, ಮಗು ಎಲ್ಲಿದೆ ಎಂದು ಹೇಳಲಿಲ್ಲ. ಹುಡುಗ ಇನ್ನೂ ಬದುಕಿರಬಹುದು ಎಂದುಕೊಂಡ ಪೊಲೀಸ್ ಉಪಮುಖ್ಯಸ್ಥರು, ಬಾಯಿ ಬಿಡದಿದ್ದರೆ ಸಹಿಸಲಾಗದ ನೋವು ಕೊಡುತ್ತೇವೆ ಎಂದು ಬೆದರಿಸಲು ಹೇಳಿದರು. ಅವನು ಜಾಗ ತೋರಿಸಿದ. ಮಗು ಆಗಲೇ ಸತ್ತಿತ್ತು. ಆ ಹೊತ್ತಿನಲ್ಲಿ ಆ ಅಧಿಕಾರಿಯ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ. ಜರ್ಮನ್ ಕೋರ್ಟು ಬೆದರಿಕೆಯ ನಂತರ ತನಿಖೆಯಲ್ಲಿ ಕೊಟ್ಟ ತಪ್ಪೊಪ್ಪಿಗೆಗಳನ್ನು ಹೊರಗಿಟ್ಟಿತು. ಆದರೆ ಆ ಜಾಗದಲ್ಲಿ ಸಿಕ್ಕ ವಸ್ತುಗಳನ್ನು ಉಳಿಸಿಕೊಂಡಿತು. ಆರೋಪಿ ವಿಚಾರಣೆಯಲ್ಲಿ ಮತ್ತೆ ತಾನಾಗಿ ಒಪ್ಪಿಕೊಂಡ, ಜೀವಾವಧಿ ಶಿಕ್ಷೆಯಾಯಿತು. ಬೆದರಿಸಿದ ಅಧಿಕಾರಿಗಳೂ ತಪ್ಪಿತಸ್ಥರೆಂದು ತೀರ್ಪಾಯಿತು. 2010ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಬೆದರಿಕೆಯನ್ನು ಅಮಾನವೀಯ ಎಂದಿತು. ವಿಚಾರಣೆ ಮಾತ್ರ ಕೆಟ್ಟಿಲ್ಲ, ಯಾಕೆಂದರೆ ಶಿಕ್ಷೆ ನಿಂತದ್ದು ಎರಡನೇ ತಪ್ಪೊಪ್ಪಿಗೆಯ ಮೇಲೆ ಎಂದಿತು. ಮಗುವನ್ನು ಹುಡುಕುವುದು ಒಂದು ಕೆಲಸ, ಶಿಕ್ಷೆ ಕೊಡಿಸುವುದು ಇನ್ನೊಂದು ಎಂಬುದನ್ನು ನಾನು ಕಲಿತದ್ದು ಈ ಕೇಸಿನಿಂದ. ಮೊದಲನೆಯದಕ್ಕಾಗಿ ಮುರಿದ ನಿಯಮ ಎರಡನೆಯದಕ್ಕೆ ತಾನಾಗಿ ರಹದಾರಿ ಆಗುವುದಿಲ್ಲ.

ಈಗ ಜಗಳ ಮನೆಯ ಬಾಗಿಲಿನಿಂದ ಮೊಬೈಲಿಗೆ ಬಂದಿದೆ. ಎನ್‌ಕ್ರೋಚಾಟ್ ಎಂಬ ಗುಪ್ತ ಫೋನ್ ಜಾಲವನ್ನು ಫ್ರೆಂಚ್ ಪೊಲೀಸರು 2020ರಲ್ಲಿ ಭೇದಿಸಿದರು. ಸಾವಿರಾರು ಜನರ ಸಂದೇಶಗಳು ಬೇರೆ ದೇಶಗಳ ಪೊಲೀಸರ ಕೈಸೇರಿದವು. ಅವುಗಳ ಮೇಲೆ ಯುರೋಪಿನ ಉದ್ದಗಲಕ್ಕೂ ಕೇಸುಗಳು ನಡೆದವು. ಹೇಗೆ ಭೇದಿಸಿದಿರಿ ಎಂದು ಕೇಳಿದರೆ ಫ್ರಾನ್ಸ್ ಅದು ಸೇನಾ ರಹಸ್ಯ ಎಂದಿತು. 2024ರ ಏಪ್ರಿಲ್‌ನಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಒಂದು ಮಿತಿ ಹಾಕಿತು. ತೀರ್ಮಾನದ ಮೇಲೆ ಭಾರಿ ಪ್ರಭಾವ ಬೀರುವಂಥ ಸಾಕ್ಷ್ಯದ ಬಗ್ಗೆ ಆರೋಪಿಗೆ ಸರಿಯಾಗಿ ಪ್ರಶ್ನೆ ಎತ್ತಲು ಆಗದಿದ್ದರೆ ಕೋರ್ಟು ಅದನ್ನು ಬದಿಗಿಡಬೇಕು. ಕುರುಮನ ಚಾಕುವಿನ ಪ್ರಶ್ನೆಯೂ ಇದೇ ಆಗಿತ್ತು: ನನ್ನ ವಿರುದ್ಧ ಹೇಳುತ್ತಿರುವುದನ್ನು ನನಗೂ ತೋರಿಸಿ, ನಾನೂ ಪರೀಕ್ಷಿಸುತ್ತೇನೆ.

ಭಾರತದಲ್ಲಿ ಒಂದು ಅವಕಾಶ 2024ರಲ್ಲಿ ಬಾಗಿಲಿಗೆ ಬಂದಿದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೋ-ವಿಡಿಯೋ ಮಾಡಲೇಬೇಕು, ಮೊಬೈಲಿನಲ್ಲಾದರೂ ಸರಿ. ಪಟ್ಟಿ ಮಾಡುವುದು, ಪಂಚರು ಸಹಿ ಹಾಕುವುದು ಎಲ್ಲ ಅದರಲ್ಲಿ ಬರಬೇಕು. ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ವಿಡಿಯೋ ಮಾಡದಿದ್ದರೆ ಏನಾಗುತ್ತದೆ ಎಂದು ಮಾತ್ರ ಸೆಕ್ಷನ್ ಹೇಳುವುದಿಲ್ಲ. ಬಾಗಿಲು ತೆರೆದದ್ದಿಲ್ಲ, ಬೀರು ತೆರೆದದ್ದಿಲ್ಲ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟ ಮಾಲಿನಿಂದಲೇ ಶುರುವಾಗುವ ಒಂದು ವಿಡಿಯೋ ಕೋರ್ಟಿಗೆ ಬಂದರೆ, ಪಾಟಿ ಸವಾಲಿನಲ್ಲಿ ವಕೀಲರು ಕೇಳುವ ಮೊದಲ ಪ್ರಶ್ನೆ ಇದಕ್ಕೂ ಮುಂಚಿನದು ಎಲ್ಲಿ ಎಂಬುದೇ. ಅದಕ್ಕೆ ತನಿಖಾಧಿಕಾರಿಯ ಬಳಿ ಒಪ್ಪುವಂಥ ಉತ್ತರವಿಲ್ಲದಿದ್ದರೆ, ಆ ಮಾಲನ್ನು ಯಾಕೆ ನಂಬಿದೆ ಅಥವಾ ಯಾಕೆ ನಂಬಲಿಲ್ಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆಯಬೇಕು. ಇದಕ್ಕೆ ಇನ್ನೊಂದು ಹೊಸ ಕಾನೂನು ಬರುವವರೆಗೂ ಕಾಯಬೇಕಾಗಿಲ್ಲ.